ಮೊದಲು ಬಂದ ಹೆಸರು

೧

ಈ ಕಥೆಯನ್ನು ಎಲ್ಲಿಂದ ಆರಂಭಿಸಬೇಕೆಂಬುದು ಕಥೆಗಾರನಿಗೆ ಇನ್ನೂ ಗೊತ್ತಾಗಿಲ್ಲ. ಆಸ್ಪತ್ರೆಯಿಂದ ಆರಂಭಿಸಿದರೆ ನೀವು ಹೆದರಿ ಪುಟ ಮಗುಚುತ್ತೀರಿ; ಕಂಪ್ಯೂಟರಿನಿಂದ ಆರಂಭಿಸಿದರೆ ಬೇಸರದಿಂದ ಮಗುಚುತ್ತೀರಿ. ಆದ್ದರಿಂದ ಸದ್ಯಕ್ಕೆ ಒಂದು ಚಿತ್ರ. ಅದರಲ್ಲಿ ಏನೂ ಅಲುಗಾಡುವುದಿಲ್ಲ. ನಿಧಾನವಾಗಿ ನೋಡಬಹುದು.

ಹಿಮಾಯತ್‌ನಗರದ ಹಳೆಯ ಕಟ್ಟಡವೊಂದರ ಮೊದಲ ಮಹಡಿ. ಕನ್ನಡ ಸಂಘದ ಕಚೇರಿ. ಕಿಟಕಿಯಾಚೆ ಸೀರೆ ಅಂಗಡಿಯ ಬೋರ್ಡಿನ ಹಿಂಬದಿ, ಅದರ ತುಕ್ಕಿನ ಅಂಚಿನಲ್ಲಿ ಕತ್ತನ್ನು ಅರ್ಧ ತಿರುಗಿಸಿ ನಿಂತ ಪಾರಿವಾಳ. ಒಳಗೆ ಉದ್ದನೆಯ ಮೇಜು. ಅದರ ಮೇಲೆ ಎರಡು ಕಂಪ್ಯೂಟರು. ಎಡಗಡೆಯದು ಹಳೆಯದು, ಕೀಲಿಗಳ ಮೇಲಿನ ಅಕ್ಷರಗಳು ಬೆರಳಿನ ಬೆವರಿಗೆ ಅಳಿಸಿವೆ. ಬಲಗಡೆಯದು ತೆಳ್ಳನೆಯ ಲ್ಯಾಪ್‌ಟಾಪು. ಎರಡು ಪರದೆಗಳ ಮೇಲೂ ಒಂದೇ ಪ್ರಶ್ನೆ: ಕಾಚಿಗೂಡದ ಸುತ್ತಮುತ್ತ ಓ ನೆಗೆಟಿವ್ ರಕ್ತದವರು ಯಾರು? ಎಡಗಡೆಯ ಎಂಟರ್ ಕೀಲಿಯ ಮೇಲೆ ಒಂದು ಮುದಿ ತೋರುಬೆರಳು. ಸ್ವಭಾವತಃ ನಡುಗುವ ಬೆರಳಾದರೂ ಚಿತ್ರದಲ್ಲಿರುವುದರಿಂದ ನಡುಗುತ್ತಿಲ್ಲ. ಬಲಗಡೆಯ ಕೀಲಿಯ ಮೇಲೆ ಒಂದು ಎಳೆಯ ಕಿರುಬೆರಳು, ಉದಾಸೀನದಿಂದ ಇಟ್ಟದ್ದು. ನಡುವೆ ಒಂದು ತಟ್ಟೆ ಮಿರ್ಚಿ ಭಜಿ. ಹಿಂದೆ ಆರೇಳು ಜನ, ಬಾಯಿ ಅರೆತೆರೆದು. ಭಜಿಯಿಂದೆದ್ದ ಹಬೆ ಕೂಡ ನಿಂತಿದೆ.

(ಹಬೆ ನಿಲ್ಲುವುದುಂಟೆ ಎಂದು ಕೇಳಬೇಡಿ. ನವ್ಯದ ಪದ್ಯಗಳನ್ನು ಓದಿ ಓದಿ ಕೆಟ್ಟ ಕಥೆಗಾರ ಇವನು. ಪದ್ಯದಲ್ಲಿ ಹಬೆ ನಿಲ್ಲುತ್ತದೆ.)

೨

ಇನ್ನು ಚಿತ್ರವನ್ನು ಅಲುಗಾಡಿಸಬೇಕು.

ಎಡಗಡೆಯ ಬೆರಳು ಹನುಮಂತ ಅವರದು. ಸರಕಾರದ ಖಜಾನೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಸಂಘದಲ್ಲಿ ಎಲ್ಲರಿಗೂ ಕಾಕಾ. ಬೀದರ, ಕಲಬುರಗಿ, ರಾಯಚೂರಿನ ಕಡೆಯಿಂದ ಈ ಊರಿಗೆ ಬಂದು ಈ ತೆಲುಗು ನಾಡಿನಲ್ಲಿ ನೆಲೆಸಿದ ಕುಟುಂಬಗಳ ಮನೆಮನೆಗೂ ಹೋಗಿ, ಕೊಟ್ಟ ಚಹಾ ಕುಡಿದು, ಯಾರ ರಕ್ತ ಯಾವ ಗುಂಪಿನದೆಂದು ಕೇಳಿ ಡೇಟಾಬೇಸ್ ಕಟ್ಟಿದವರು ಅವರೇ.

ಬಲಗಡೆಯ ಬೆರಳು ಭಕ್ತಿಯದು. ಮಾಧಾಪುರದ ಕಂಪನಿಯೊಂದರಲ್ಲಿ ಸರ್ಚ್ ಎಂಜಿನ್ ಕಟ್ಟುವುದು ಅವಳ ಕೆಲಸ. (ಕಥೆ ಅವಳದು. ಕಥೆಗಾರ ಅವಳ ಹೆಗಲ ಹಿಂದೆಯೇ ನಿಂತು ನೋಡುತ್ತಾನೆ. ಅದು ಅವಳಿಗೆ ಇಷ್ಟವಿಲ್ಲ.) ಕಾಕಾನ ಡೇಟಾಬೇಸಿಗೆ ಪ್ರಶ್ನೆ ಕೇಳಿದವರು ಉತ್ತರ ಬರುವಷ್ಟರಲ್ಲಿ ಕೆಳಗಿಳಿದು ಚಹಾ ಕುಡಿದು ಬರುತ್ತಿದ್ದುದನ್ನು ಕಂಡು ಅವಳು ತಾನಾಗಿಯೇ ಅದೇ ವಿವರಗಳ ಮೇಲೆ ಒಂದು ಸರ್ಚ್ ಎಂಜಿನ್ ಕಟ್ಟಿಕೊಟ್ಟಿದ್ದಾಳೆ; ಫೋನಿನಲ್ಲೂ ನಡೆಯುತ್ತದೆ. ಈ ಭಾನುವಾರ ಬೆಳಿಗ್ಗೆ ಎರಡಕ್ಕೂ ಓಟದ ಪಂದ್ಯ. ಸೋತವರು ಮುಂದಿನ ಭಾನುವಾರ ಭಜಿ ತರಬೇಕು.

"ಕಾಕಾ, ಹೂಂ ಅಂದಕೂಡ್ಲೆ ಒತ್ತರಿ."

"ನೀ ಮೊದಲ ಒತ್ತಬ್ಯಾಡ ಮತ್ತ. ನಿನ್ನ ಕೈ ಭಾಳ ಚುರುಕು."

"ಹೂಂ."

ಇಬ್ಬರೂ ಒತ್ತಿದರು. ಭಕ್ತಿಯ ಬೆರಳು ಕೀಲಿಯಿಂದ ಮೇಲೇಳುವ ಮೊದಲೇ ಏಳು ಹೆಸರು ಬಂದು ಕುಳಿತಿದ್ದವು. ಹೆಚ್ಚು ಸಲ ರಕ್ತ ಕೊಟ್ಟವರ ಹೆಸರು ಮೇಲೆ ಬರುವಂತೆ ಅವಳು ಮಾಡಿದ್ದಳು. ಎಲ್ಲಕ್ಕಿಂತ ಮೇಲೆ ಗುರುಬಸವ ಎಂಬ ಹೆಸರಿತ್ತು. ಕಾಕಾನ ಪರದೆಯ ಮೇಲೆ ಮರಳುಗಡಿಯಾರವೊಂದು ತಿರುಗತೊಡಗಿತು. ಪಾರಿವಾಳ ಹಾರಿಹೋಯಿತು. ಹಬೆ ಆರಿತು.

"ಕಾಕಾ, ನಿಮ್ಮ ಡೇಟಾಬೇಸ್ ಜಳಕಕ್ಕ ಹೋಗೇತೇನ್ರಿ?" ಎಂದರು ಹಿಂದಿನಿಂದ ಯಾರೋ.

"ಊಟಾನೂ ಮುಗಿಸ್ಕೊಂಡು ಬರಲಿ. ಅದಕ್ಕೇನು ಬಸ್ ತಪ್ಪತೈತಿ?" ಎಂದರು ಕಾಕಾ.

ಈ ಅಂತರವೇಕೆ? ಸರ್ಚ್ ಎಂಜಿನ್ ನೀವು ಕೇಳಿದಾಗ ಹುಡುಕುವುದಿಲ್ಲ. ನೀವು ಕೇಳುವ ಮೊದಲೇ ಎಲ್ಲವನ್ನೂ ಓದಿ, ಪುಸ್ತಕದ ಕೊನೆಯಲ್ಲಿರುವ ಪದಸೂಚಿಯಂತೆ, ಯಾವ ಪದ ಎಲ್ಲೆಲ್ಲಿದೆ ಎಂದು ಬರೆದಿಟ್ಟುಕೊಂಡಿರುತ್ತದೆ. ಕೇಳಿದೊಡನೆ ಆ ಪುಟ ತೆರೆದು ತೋರಿಸುತ್ತದೆ, ಅಷ್ಟೆ. ಡೇಟಾಬೇಸ್ ಹಾಗಲ್ಲ. ಪ್ರತಿ ಸಲವೂ ಎದ್ದು ರಿಕಾರ್ಡ್ ರೂಮಿನ ಬಾಗಿಲು ತೆರೆದು, ಒಂದೊಂದೇ ಕಡತ ಬಿಚ್ಚಿ, ಈ ಹೊತ್ತಿಗೆ ನಿಜವೇನೆಂದು ನೋಡಿಬರುತ್ತದೆ. ಒಂದು ನೆನಪು; ಇನ್ನೊಂದು ವಿಚಾರಣೆ.

"ಅಜ್ಜಾರ," ಎಂದು ಭಕ್ತಿ ತಿರುಗಿದಳು. ಕಥೆಗಾರನನ್ನು ಅವಳು ಕರೆಯುವುದು ಹಾಗೆ. "ಸಾಲು ಚೊಲೋ ಐತಿ. ಆದ್ರ ಸುಳ್ಳು. ನಮ್ಮ ಸಂಘದಾಗ ಇರೂದೆಷ್ಟು ಹೆಸರು? ಅಷ್ಟು ಓದಾಕ ಯಾವ ಡೇಟಾಬೇಸಿಗೂ ಇಷ್ಟೊತ್ತು ಬೇಕಾಗಂಗಿಲ್ಲ. ನಿಮ್ಮ ಕಥಿಗೆ ಬೇಕಾಗೈತಂತ ಮರಳುಗಡಿಯಾರ ನಿಂದ್ರಿಸೀರಿ."

ಕಥೆಗಾರ ಅವಮಾನ ನುಂಗಿಕೊಂಡು ಉತ್ತರಿಸಿದ: ಕಾಕಾನ ಯಂತ್ರ ಹಳೆಯದು, ಅಲ್ಲದೆ ಅವರು ಬರೆದ ಪ್ರಶ್ನೆ ಒಂದೊಂದು ಹೆಸರಿಗೂ ಬೇರೆ ನಾಲ್ಕು ಕೋಷ್ಟಕಗಳ ಬಾಗಿಲು ತಟ್ಟುತ್ತದೆ. ಈತ ಊರು ಬಿಟ್ಟನೇ? ಇತ್ತೀಚೆಗೆ ರಕ್ತ ಕೊಟ್ಟನೇ? ವಯಸ್ಸು ಮೀರಿತೇ? ಮತ್ತು ಇನ್ನೊಂದು.

"ಆ ನಾಲ್ಕೂ ಟೇಬಲ್ ನಾ ಬಿಟ್ಟೀನಿ. ತೆರೆದೂ ನೋಡಿಲ್ಲ. ಅವನ್ನ ಹಿಡಕೊಂಡು ಕುಂತ್ರ ಸ್ಪೀಡ್ ಎಲ್ಲಿಂದ ಬರಬೇಕು?"

(ಈ ಮಾತನ್ನು ಅವಳು ನಗುತ್ತ ಹೇಳಿದಳು. ನೆನಪಿಟ್ಟುಕೊಳ್ಳಿ. ಕಥೆಗಾರ ನೆನಪಿಸಲಾರ, ಮುಂದೆ ಅವನಿಗೆ ಆ ಧೈರ್ಯ ಇರುವುದಿಲ್ಲ.)

೩

ಕಡೆಗೂ ಮರಳುಗಡಿಯಾರ ನಿಂತಿತು. ಆ ಹೊತ್ತಿಗೆ ಚಪ್ಪಾಳೆ ಮುಗಿದು, ಭಕ್ತಿ ಲ್ಯಾಪ್‌ಟಾಪು ಮುಚ್ಚಿ, ಅದರ ಮೇಲೆಯೇ ಭಜಿಯ ತಟ್ಟೆ ಇಟ್ಟುಕೊಂಡಿದ್ದಳು.

ಕಾಕಾ ಕನ್ನಡಕ ಮೇಲಕ್ಕೆ ಸರಿಸಿದರು. "ನನ್ನ ಕಡೆ ನಾಕ ಹೆಸರು ಬಂದಾವಲ್ಲವ್ವ. ನಿನ್ನವು ಏಳು ಅಂದಿ. ಮೂರು ಮಂದಿ ಎಲ್ಲಿಗೆ ಹೋದ್ರು?"

"ನಿಮ್ಮ ಡೇಟಾಬೇಸಿಗೆ ವಯಸ್ಸಾತು ಕಾಕಾ. ಮರತೈತಿ."

ಎಲ್ಲರೂ ನಕ್ಕರು. ಕಾಕಾನೂ ನಕ್ಕರು. "ಹೆಸರು ತೋರಸು, ನೋಡೂಣು," ಎಂದು ಲ್ಯಾಪ್‌ಟಾಪಿನತ್ತ ಕೈ ಚಾಚಿದವರು ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಭಜಿಯನ್ನು ಕಂಡು ಅದನ್ನೇ ಎತ್ತಿಕೊಂಡರು.

೪ (ಹರಿದುಹಾಕಿದ್ದು)

ಮೊದಲ ಕರಡಿನಲ್ಲಿ, ಕೆಲವು ವಾರಗಳ ತರುವಾಯ, ಕಾಚಿಗೂಡ ನಿಲ್ದಾಣದಲ್ಲಿ ರೈಲಿನಿಂದ ಇಳಿಯುವಾಗ ಜಾರಿ ಬಿದ್ದ ಅಪರಿಚಿತ ಪ್ರಯಾಣಿಕನೊಬ್ಬನಿಗೆ ರಕ್ತ ಬೇಕಾಗಿತ್ತು. ಅವನಿಗೆ ಹೆಸರಿರಲಿಲ್ಲ. ನವ್ಯ ಕಾವ್ಯದಲ್ಲಿ ಇಂಥವರು ಬಹಳ. ಬೀಳುವುದೇ ಅವರ ಉದ್ಯೋಗ. ಭಕ್ತಿ ಒಪ್ಪಲಿಲ್ಲ.

"ಯಾರೋ ಗುರುತಿಲ್ಲದವರು ಬಿದ್ರ ನಿಮ್ಮ ಓದುಗರು ಪಾಪ ಅಂತಾರ, ಚಾ ಕುಡೀತಾರ. ನಾ ಮಾಡಿದ್ದು ಎಷ್ಟು ಉಪಯೋಗಕ್ಕ ಬರ್ತೈತಿ ಅಂತ ತೋರಸಬೇಕಂದ್ರ ಹತ್ತರದವರು ಯಾರರ ಇರಬೇಕು ಅಜ್ಜಾರ. ಕಥಿ ಬರಿಯೂದು ನಾ ಕಲಸಬೇಕೇನು ನಿಮಗ?"

ಅವಳ ಮಾತು ಸರಿಯಾಗಿತ್ತು. ಕಥೆಗಾರ ಪ್ರಯಾಣಿಕನ ಧೂಳು ಕೊಡವಿ, ಬಂದ ರೈಲಿಗೇ ಅವನನ್ನು ಹತ್ತಿಸಿ ಕಳಿಸಿದ. ಅವನಿದ್ದ ಮಂಚದ ಮೇಲೆ ಮಾನಸಾಳನ್ನು ಮಲಗಿಸಿದ. ಮಾನಸಾ ಭಕ್ತಿಯ ಒಡಹುಟ್ಟಿದ ತಂಗಿ.

ಭಕ್ತಿ ಆ ಸಾಲನ್ನು ಎರಡು ಸಲ ಓದಿದಳು.

"ನಾ ಹಂಗ ಅಂದಿದ್ದಿಲ್ಲ," ಎಂದಳು.

(ಅಂದಿದ್ದಳು. ಮೇಲೆ ಇದೆ ನೋಡಿ. ಬರೆದ ಕೈಗೂ ಈಗ ನಂಬಿಕೆ ಬರುತ್ತಿಲ್ಲ.)

ಮತ್ತೆ ೪

ಅದೇ ಕೆಲವು ವಾರಗಳ ತರುವಾಯ, ಒಂದು ಮಂಗಳವಾರ ಮಧ್ಯಾಹ್ನ. ಕಾಚಿಗೂಡದ ಸಮೀಪದ ಒಂದು ಹೆರಿಗೆ ಆಸ್ಪತ್ರೆ. ಮಾನಸಾಳಿಗೆ ಹೆಣ್ಣುಮಗು ಹುಟ್ಟಿದೆ, ಮಗು ಚೆನ್ನಾಗಿದೆ. ತಾಯಿಯ ರಕ್ತ ನಿಲ್ಲುತ್ತಿಲ್ಲ. ಆಸ್ಪತ್ರೆಯಲ್ಲಿದ್ದ ಓ ನೆಗೆಟಿವ್ ಮುಗಿದಿದೆ. ಗಂಡ ನಿಶಾಂತ ಊರಿನ ಆಚೆ ತುದಿಯ ಬ್ಲಡ್ ಬ್ಯಾಂಕಿಗೆ ಬೈಕಿನಲ್ಲಿ ಹೋದವನು ಫೋನ್ ಮಾಡಿ ಅಲ್ಲೂ ಇಲ್ಲವೆಂದು ಹೇಳಿ ಇನ್ನೊಂದು ಕಡೆಗೆ ಹೊರಟಿದ್ದಾನೆ. ಭಕ್ತಿಯದು ಬಿ ಪಾಸಿಟಿವ್. ಒಂದೇ ಹೊಟ್ಟೆಯಲ್ಲಿ ಹುಟ್ಟಿದ್ದು ಉಪಯೋಗಕ್ಕೆ ಬರಲಿಲ್ಲ.

ವಾರ್ಡಿನ ಬಾಗಿಲಿನಿಂದ ನರ್ಸ್ ತಲೆ ಹೊರಹಾಕಿದಳು. "ಇಂಕೋ ಯೂನಿಟ್ ಕಾವಾಲಿ ಮೇಡಂ. ಡೋನರ್ ವಸ್ತುನ್ನಾರಾ?" ಇನ್ನೂ ಬೇಕು, ಕೊಡುವವರು ಬರುತ್ತಿದ್ದಾರೆಯೇ ಎಂದು ಅವಳ ಪ್ರಶ್ನೆ.

ಭಕ್ತಿ ಫೋನ್ ತೆಗೆದಳು. ತಾನೇ ಕಟ್ಟಿದ್ದಕ್ಕೆ ತಾನೇ ಕೇಳಿದಳು. ಬೆರಳು ಮುಟ್ಟಿತೋ ಇಲ್ಲವೋ, ಏಳು ಹೆಸರು. ಮೊದಲನೆಯದು ಗುರುಬಸವ, ಅರಿವೆ ಅಂಗಡಿ, ಕಾಚಿಗೂಡ. ಸಂಘದಲ್ಲಿ ಬೇರೆ ಯಾರೂ ಅವರಷ್ಟು ಸಲ ರಕ್ತ ಕೊಟ್ಟಿರಲಿಲ್ಲ.

ಫೋನ್ ಎತ್ತಿದ್ದು ಒಬ್ಬ ಹೆಂಗಸು.

"ಗುರುಬಸವ ಅವರು ಅದಾರೇನ್ರಿ?"

ಆ ಕಡೆ ಮಿಕ್ಸರಿನ ಸದ್ದೊಂದು ನಿಂತಿತು.

"ಯಾರವ್ವ ನೀ?"

"ನಾ ಭಕ್ತಿ ಅಂತರಿ, ಕನ್ನಡ ಸಂಘದಾಕಿ. ನನ್ನ ತಂಗಿ ದವಾಖಾನ್ಯಾಗ ಅದಾಳ, ಭಾಳ ತ್ರಾಸ ಆಗಾಕತ್ತೈತಿ. ಓ ನೆಗೆಟಿವ್ ಬೇಕಾಗೈತಿ. ಹುಡಿಕಿದ್ರ ಮೊದಲ ಅವರ ಹೆಸರ ಬಂತು."

"ಮೊದಲ ಅವರ ಹೆಸರ ಬಂತು," ಎಂದಿತು ಆ ದನಿ. ಅದು ಪ್ರಶ್ನೆಯಾಗಿರಲಿಲ್ಲ.

"ಹೌದ್ರಿ. ಈಗ ಬರಾಕ ಆಕ್ಕೈತೇನ್ರಿ?"

"ಯಾವ ದವಾಖಾನಿ?"

ಭಕ್ತಿ ಹೇಳಿದಳು.

"ಬರ್ತಾರ."

ಫೋನ್ ಇಟ್ಟ ಸದ್ದು. ಭಕ್ತಿ ನರ್ಸಿನತ್ತ ತಿರುಗಿ, "ವಸ್ತುನ್ನಾರು," ಎಂದಳು. ಬರುತ್ತಿದ್ದಾರೆ.

೫

ಓದುಗರೇ, ನಿಮ್ಮಲ್ಲಿ ಜಾಣರಾದವರು ಕೇಳುವಿರಿ: ಉಳಿದ ಆರು ಹೆಸರುಗಳಿಗೆ ಅವಳೇಕೆ ಫೋನ್ ಮಾಡಲಿಲ್ಲ? ಮಾಡಿದಳು. ಎರಡನೆಯವರು ಹೋದ ತಿಂಗಳಷ್ಟೇ ರಕ್ತ ಕೊಟ್ಟಿದ್ದರು. ಮೂರನೆಯವರು ಪುಣೆಗೆ ಮನೆ ಬದಲಿಸಿ ಬಹಳ ಕಾಲವಾಗಿತ್ತು. ಇವೆಲ್ಲ ಕಾಕಾನ ಕೋಷ್ಟಕಗಳಿಗೆ ಗೊತ್ತಿದ್ದ ಸಂಗತಿಗಳು. ಅಷ್ಟಕ್ಕೇ ನಿಲ್ಲಿಸಿದಳು, ಒಬ್ಬರು ಬರುತ್ತಿದ್ದಾರಲ್ಲ. ಭಕ್ತಿ ಬೆಂಚಿನ ಮೇಲೆ ಕುಳಿತು, ಅಂಗಡಿಕಾರರೊಬ್ಬರು ಶಟರ್ ಎಳೆದು, ಚಪ್ಪಲಿ ಮೆಟ್ಟಿ, ರಸ್ತೆ ದಾಟುವುದನ್ನು ಮನಸ್ಸಿನಲ್ಲೇ ಕಾಣುತ್ತ ಕಾದಳು.

ಕಾಯುವುದನ್ನು ವರ್ಣಿಸುವುದು ಕಥೆಗಾರನಿಗೆ ಇಷ್ಟದ ಕೆಲಸ. ಈ ಸಲ ಬೇಡ. ಒಳಗೆ ಒಬ್ಬಳು ಬಿಳುಚಿಕೊಳ್ಳುತ್ತಿದ್ದಾಳೆ.

ಕಡೆಗೆ ಅವಳು ಕಾಕಾಗೆ ಫೋನ್ ಮಾಡಿದಳು. ದಾರಿ ಕೇಳಲಿಕ್ಕೆ, ಅಷ್ಟೆ.

"ಕಾಕಾ, ಗುರುಬಸವ ಅವರ ಮನಿ ಎಲ್ಲಿ ಬರ್ತೈತ್ರಿ? ಮಾನಸಾಗ ರಕ್ತ ಕೊಡಾಕ ಹೊಂಟಾರ, ಇನ್ನೂ ಮುಟ್ಟಿಲ್ಲ."

"ಯಾವ ಗುರುಬಸವ?"

"ಅರಿವಿ ಅಂಗಡಿಯವರು, ಕಾಚಿಗೂಡದಾಗ."

ಕಾಕಾ ಉಸಿರೆಳೆದುಕೊಂಡದ್ದು ಕೇಳಿಸಿತು. "ಅವರು ಲಿಂಗೈಕ್ಯ ಆಗಿ ಎರಡು ವರ್ಷ ಆತವ್ವ. ಮೊನ್ನೆ ಎರಡನೇ ವರ್ಷದ ಕಾರ್ಯಕ್ಕ ನಾ ಊಟಕ್ಕ ಹೋಗಿದ್ದೆ."

ಭಕ್ತಿಗೆ ಮೊದಲು ತಣ್ಣಗಾದದ್ದು ಅಂಗಾಲು. ಎದುರಿನ ಗೋಡೆಯ ಮೇಲೆ ನಗುವ ಕೂಸಿನ ಚಿತ್ರವೊಂದಿತ್ತು. ಅದು ನಗುತ್ತಲೇ ಇತ್ತು. ಮನಸ್ಸು ಒಂದೇ ಪದದ ಸುತ್ತ ತಿರುಗಿತು, ಗಾಣದ ಎತ್ತಿನಂತೆ. ಬರ್ತಾರ. ಬರ್ತಾರ.

"ಅವರ ಮನ್ಯಾಗ ಬರ್ತಾರ ಅಂದ್ರಲ್ಲ ಕಾಕಾ."

"ಯಾರು ಅಂದ್ರು?"

ಅವಳು ಹೆಸರು ಕೇಳಿಯೇ ಇರಲಿಲ್ಲ.

(ಕಥೆಗಾರ ಇಲ್ಲಿ ಪೆನ್ನು ಕೆಳಗಿಟ್ಟು ನೀರು ಕುಡಿದ. ಸತ್ತವನನ್ನು ಪಟ್ಟಿಯ ಮೊದಲಿಗೆ ತಂದು ಕೂರಿಸಿದ್ದು ಅವನ ಜಾಣತನವೆಂದು ತಿಳಿಯಬೇಡಿ. ಹೆಚ್ಚು ಕೊಟ್ಟವನು ಮೇಲೆ ಎಂಬ ನಿಯಮ ಭಕ್ತಿಯದು. ಹೆಚ್ಚು ಕೊಟ್ಟವನು ಮೊದಲು ಹೋದ. ಇಷ್ಟು ಸರಳವಾಗಿ ಲೆಕ್ಕ ಕೂಡುತ್ತದೆಂದು ಅವನಿಗೂ ತಿಳಿದಿರಲಿಲ್ಲ.)

"ನಮ್ಮ ಸಂಘದಾಗ ತೀರಿಕೊಂಡವರ ಹೆಸರಿಗೆ ಕಾಟು ಹೊಡಿಯಂಗಿಲ್ಲವ್ವ," ಎನ್ನುತ್ತಿದ್ದರು ಕಾಕಾ. "ಹಿರ್‍ಯಾರು ಮಾಡಿದ ಪದ್ಧತಿ. ಊರು ಬಿಟ್ಟು ಬಂದವರು, ಇಲ್ಲರ ಹೆಸರು ಉಳೀಲಿ ಅಂತ. ಹೆಸರು ಇದ್ದಲ್ಲೇ ಇರ್ತೈತಿ. ಹೋದದ್ದನ್ನ ಬ್ಯಾರೆ ಟೇಬಲ್‌ನ್ಯಾಗ ಬರೀತೀನಿ. ನೀ ಅದನ್ನ ನೋಡಿಲ್ಲೇನು?"

"ನೋಡಿಲ್ಲ."

"ಇರಲಿ. ನಾ ಸಂಘದಾಗ ಅದೀನಿ. ಈಗ ಕೇಳ್ತೀನಿ ಅದಕ್ಕ. ನೀ ಫೋನ್ ಇಡಬ್ಯಾಡ."

ಅಳಿಸಿದ ಅಕ್ಷರಗಳ ಕೀಲಿಮಣೆಯ ಮೇಲೆ ಬೆರಳು ಒಂದೊಂದಾಗಿ ಬೀಳುವ ಸದ್ದು. ಆ ಬೆರಳು ಈಗ ಚಿತ್ರದಲ್ಲಿಲ್ಲ, ನಡುಗುತ್ತಿದೆ.

"ಭಕ್ತೀ, ಒಂದು ಮಾತು. ಮನಿ ಮಂದಿ ಟೇಬಲ್ ಸೇರಸ್ಲೇನು? ಮಕ್ಕಳು, ಸೊಸ್ತೇರು, ಎಲ್ಲಾರನ್ನೂ ನೋಡಿ ಬರ್ತೈತಿ. ಆದ್ರ ಇನ್ನಷ್ಟು ತಡ ಆಕ್ಕೈತಿ."

ವಾರ್ಡಿನೊಳಗೆ ಯಾವುದೋ ಯಂತ್ರ ಪೀಂ ಎಂದಿತು. ವೇಗವನ್ನು ಮಾರಿ ಹೊಟ್ಟೆ ಹೊರೆಯುವ ಹುಡುಗಿ ಕಣ್ಣು ಮುಚ್ಚಿದಳು.

"ಸೇರಸ್ರಿ," ಎಂದಳು.

೬

ಮರಳುಗಡಿಯಾರ ಅಲ್ಲಿ ತಿರುಗುತ್ತಿರುವಾಗ ಇಲ್ಲಿ ಮೆಟ್ಟಿಲು ಹತ್ತಿ ಬಂದವರು ಅಂಬವ್ವ. ಗುರುಬಸವ ಅವರ ಹೆಂಡತಿ. ಆಟೋದ ಗಾಳಿಗೆ ಕೆದರಿದ ನರೆಗೂದಲು, ಕೈಯಲ್ಲಿ ಹಳೆಯ ಫೋನು. ಅದರ ಪರದೆಯ ಒಂದು ಮೂಲೆ ಒಡೆದಿತ್ತು.

"ಭಕ್ತಿ ಅಂದ್ರ ನೀನೇನವ್ವ?"

ಭಕ್ತಿ ಎದ್ದು ನಿಂತಳು. ಅಂಬವ್ವನ ಹಿಂದೆ ಯಾರೂ ಇರಲಿಲ್ಲ. ಗೊತ್ತಿದ್ದೂ ಅವಳು ಆ ಖಾಲಿ ಮೆಟ್ಟಿಲನ್ನು ಒಮ್ಮೆ ನೋಡಿದಳು.

"ಬರ್ತಾರ ಅಂದ್ರಿ," ಎಂದಳು. ಬೈಯಬೇಕೆಂದಿದ್ದಳು, ಬಾಯಿಗೆ ಬಂದದ್ದು ಇಷ್ಟೇ.

"ಅಂದೆ." ಅಂಬವ್ವ ಬೆಂಚಿನ ತುದಿಗೆ ಕುಳಿತರು. "ಎರಡು ವರ್ಷ ಆತು, ಅವರನ್ನ ಅದಾರೇನು ಅಂತ ಯಾರೂ ಕೇಳಿಲ್ಲ. ಎಲ್ಲಾರೂ ನಾ ಹೆಂಗದೀನಿ ಅಂತಾನ ಕೇಳ್ತಾರ. ನೀ ಅವರನ್ನ ಕೇಳಿದಿ. ಇಲ್ಲ ಅನ್ನಾಕ ನಾಲಿಗಿ ಹೊರಳಲಿಲ್ಲವ್ವ. ಫೋನ್ ಇಟ್ಟ ಮ್ಯಾಲ ಎದಿ ಒಡದಂಗಾತು. ಏನ್ ಮಾಡಿದ್ನೆಪಾ ಅಂತ. ಮತ್ತ ಫೋನ್ ಹಚ್ಚಿ ಹೇಳೂ ಮಾತಲ್ಲ ಅದು. ಬಂದೆ."

"ನಿಮ್ಮ ರಕ್ತ?"

"ನಂದು ಯಾವುದೋ. ಇದಲ್ಲ."

ಆಗ ಭಕ್ತಿಯ ಅಂಗೈಯಲ್ಲಿದ್ದ ಫೋನಿನಿಂದ ಕಾಕಾನ ದನಿ ಬಂತು. ಅದನ್ನು ಗಟ್ಟಿ ಮಾಡಿ ಬೆಂಚಿನ ಮೇಲಿಟ್ಟಳು.

"ಬಂತವ್ವ. ಅವತ್ತಿನ ನಾಕ ಮಂದಿಯೊಳಗ ಇಬ್ಬರು ಈ ನಡುವ ರಕ್ತ ಕೊಟ್ಟಾರ, ಅವರನ್ನ ಬಿಟ್ಟು ಮೂವರದು ಬಂದಾವು. ಒಬ್ಬರು ಊರಿಗೆ ಹೋಗಿದ್ದು ನನಗ ಗೊತ್ತೈತಿ. ಇನ್ನೊಬ್ಬರಿಗೆ ಈಗ ಸಂಘದ ಫೋನಿನಿಂದ ಹಚ್ಚಿದ್ದೆ, ಜ್ವರ ಅಂತ. ಉಳಿದದ್ದು ಒಂದು ಹೆಸರು. ಶೀತಲ. ತಂದಿ ಗುರುಬಸವ. ಕೆಲಸ ಪಟಾನ್‌ಚೆರು, ಔಷಧ ಕಾರ್ಖಾನಿ. ಓ ನೆಗೆಟಿವ್."

ಅಂಬವ್ವ ಫೋನಿನತ್ತ ನೋಡಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು.

"ನಿಮ್ಮ ಮಗಳು," ಎಂದಳು ಭಕ್ತಿ.

"ಹೌದು."

"ನಿಮಗ ಗೊತ್ತಿತ್ತು."

"ಗೊತ್ತಿತ್ತು. ಅವರು ಹೋದ ದಿನ ಆಕಿ ಕಡಿಂದ ಆಣಿ ಮಾಡಸೀನಿ. ನಿಮ್ಮಪ್ಪನಂಗ ಕಂಡಕಂಡವರಿಗೆ ರಕ್ತ ಕೊಡಾಕ ಹೋಗಬ್ಯಾಡ ಅಂತ. ಡಾಕ್ಟರು ಹೃದಯದ್ದು ಅಂದ್ರು. ರಕ್ತಕ್ಕೂ ಅದಕ್ಕೂ ಸಂಬಂಧಿಲ್ಲ ಅಂದ್ರು. ನನಗೂ ತಿಳೀತು. ತಿಳಿದ ಮ್ಯಾಲೂ ಆಣಿ ಮಾಡಿಸಿದೆ."

ಕಥೆಗಾರನಿಗೆ ತಡೆಯಲಾಗಲಿಲ್ಲ. ಅವನು ನಡುವೆ ಬಂದು ಅಂಬವ್ವನಿಗೆ, ತಾಯಿತನದ ಬಗ್ಗೆ, ಕೊಡುವುದರ ಬಗ್ಗೆ, ಒಳಗಿರುವ ಇನ್ನೊಬ್ಬ ತಾಯಿಯ ಬಗ್ಗೆ ಒಂದು ದೀರ್ಘ ವಾಕ್ಯವನ್ನು ಕಟ್ಟತೊಡಗಿದ. ಸಮಾಸಗಳೂ ಸಿದ್ಧವಾಗಿದ್ದವು.

"ನೀ ಸುಮ್ನಿರೋ ಅಜ್ಜಾ," ಎಂದರು ಅಂಬವ್ವ. "ನಿನಗ ಬೇಕಾದ್ದು ಕಥಿ."

ವಾರ್ಡಿನ ಬಾಗಿಲು ತೆರೆಯಿತು. ನರ್ಸ್ ಭಕ್ತಿಯ ಮುಖವನ್ನು ನೋಡಿ ಬಾಗಿಲು ಮುಚ್ಚಿಕೊಂಡಳು.

ಅಂಬವ್ವ ಸೊಂಟದಿಂದ ಇನ್ನೊಂದು ಫೋನು ಹೊರತೆಗೆದರು. ಅದು ತಮ್ಮದು. ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿದರು. "ಡ್ಯೂಟಿಮ್ಯಾಲೆ ಇದ್ದಾಗ ನನ್ನ ನಂಬರ್ ಎತ್ತಂಗಿಲ್ಲ ಆಕಿ." ಮೂಲೆ ಒಡೆದದ್ದನ್ನು ಕೈಗೆ ತೆಗೆದುಕೊಂಡರು. ಗುರುಬಸವ ಅವರದು. "ಇದರಿಂದ ಹಚ್ಚಿದ್ರ ಎತ್ತತಾಳ. ಇವತ್ತಿನ ತನಕ ಇದರಿಂದ ಆಕಿಗೆ ಹಚ್ಚಿಲ್ಲ ನಾ."

ಗಂಟೆ ಒಂದೇ ಸಲ ಹೊಡೆಯಿತು. ಆ ಕಡೆ ಎತ್ತಿದ ಸದ್ದು.

"ನಾನವ್ವ," ಎಂದರು ಅಂಬವ್ವ. "ನಿಮ್ಮಪ್ಪ ಬರ್ತಾರ ಅಂತ ಒಬ್ಬಾಕಿಗೆ ಮಾತು ಕೊಟ್ಟೀನಿ. ನೀ ಬಾ."

೭

ಇನ್ನು ಉಳಿದದ್ದು ಊರಾಚೆಯ ಪಟಾನ್‌ಚೆರುವಿನಿಂದ ಕಾಚಿಗೂಡದವರೆಗಿನ ರಸ್ತೆ. ಸರ್ಚ್ ಎಂಜಿನ್ ವೇಗವೋ, ಡೇಟಾಬೇಸ್ ವೇಗವೋ ಎಂದು ಭಜಿ ತಿನ್ನುತ್ತ ಜಗಳವಾಡಿದ್ದವರಿಗೆ ಈ ರಸ್ತೆ ಲೆಕ್ಕಕ್ಕೇ ಇರಲಿಲ್ಲ. ಕಣ್ಣೆವೆ ಮಿಟುಕುವಷ್ಟರಲ್ಲಿ ಬಂದ ಉತ್ತರವೂ, ಮರಳುಗಡಿಯಾರ ತಿರುಗಿಸಿ ಬಂದ ಉತ್ತರವೂ ಕಡೆಗೆ ಬಸ್ಸು ಹತ್ತಿಯೇ ಬರಬೇಕು.

"ಬಸ್ ಜೋರಾಗಿ ಓಡಸರಿ ಅಜ್ಜಾರ," ಎಂದಳು ಭಕ್ತಿ. ಮೊದಲ ಸಲ ಅವಳ ದನಿಯಲ್ಲಿ ಬೇಡಿಕೆಯಿತ್ತು.

ಕಥೆಗಾರ ಓಡಿಸಿದ. ಸಿಗ್ನಲ್ಲುಗಳನ್ನೆಲ್ಲ ಹಸಿರು ಮಾಡಿದ. ನಂಬಲರ್ಹವಾಗಿ ಕಾಣಲೆಂದು ಒಂದನ್ನು ಮಾತ್ರ ಕೆಂಪಾಗಿ ಬಿಟ್ಟ. ಆ ಒಂದು ಕೆಂಪಿನಲ್ಲಿ ಬಸ್ಸು ನಿಂತ ಹೊತ್ತಿಗಾಗಿ ಅವಳು ಅವನನ್ನು ಕ್ಷಮಿಸಿಲ್ಲ.

ಕಾಯುವಾಗ ಅಂಬವ್ವ ಕೇಳಿದರು: "ಇನ್ನ ಅವರ ಹೆಸರು ತಗೀತಿಯೇನವ್ವ?"

"ನಂದರಾಗಿಂದ ತಗೀಬೇಕಾಕೈತ್ರಿ. ಇನ್ನೊಬ್ಬರು ಹಿಂಗ ಮೋಸ ಹೋಗಬಾರದಲ್ಲ. ಕಾಕಾನ ಡೇಟಾಬೇಸಿನಾಗ ಇರ್ತೈತಿ."

"ಅಲ್ಲಿ ಕೇಳಿದ್ರ ಸಿಗತಾರ?"

"ಹೋದವರನ್ನೂ ತೋರಸು ಅಂತ ಕೇಳಿದ್ರ ಸಿಗತಾರ. ತಡ ಆಕ್ಕೈತಿ."

"ಆಗಲಿ," ಎಂದರು ಅಂಬವ್ವ. "ಅಂಗಡಿಯಿಂದ ಮನಿಗೂ ತಡಾನ ಬರ್ತಿದ್ರು."

ಶೀತಲ ಬಂದಳು. ಕಾರ್ಖಾನೆಯ ನೀಲಿ ಅಂಗಿ, ಕೂದಲಿನ ಮೇಲೆ ತೆಗೆಯಲು ಮರೆತ ಬಿಳಿ ಟೊಪ್ಪಿಗೆ. ತಾಯಿಯನ್ನು ನೋಡಿದಳು, ತಾಯಿಯ ಕೈಯಲ್ಲಿದ್ದ ಫೋನನ್ನು ನೋಡಿದಳು.

"ಪರದೆಮ್ಯಾಲೆ ಅಪ್ಪ ಅಂತ ಬಂತು," ಎಂದಳು. "ಲೈನ್ ಬಿಟ್ಟು ಬಂದ್ಬಿಟ್ಟೆ. ಸೂಪರ್‌ವೈಸರ್ ಕೇಳಿದ್ರ ಅಪ್ಪ ಕರದ್ರು ಅಂದೆ." ಹೇಳಿದ್ದು ತನಗೇ ಕೇಳಿಸಿದವಳಂತೆ ಅವಳ ತುಟಿ ಬಿಳುಪಾಯಿತು.

ಅಂಬವ್ವ ಮಗಳ ತಲೆಯಿಂದ ಟೊಪ್ಪಿಗೆ ತೆಗೆದು ಮಡಚಿ ಇಟ್ಟುಕೊಂಡರು. "ಆಣಿ ನಾ ಹಾಕಿದ್ದು. ನಾನ ಬಿಡಸ್ತೀನಿ. ತೋಳು ಚಾಚು ಹೋಗು."

೮

ಶೀತಲ ತೋಳು ಚಾಚಿದಳು. ಪರೀಕ್ಷೆಗೂ ಹೊತ್ತು ಹಿಡಿಯಿತು. ನರ್ಸ್ ಬಾಟಲಿಯನ್ನು ಎದೆಗವಚಿಕೊಂಡು ವಾರ್ಡಿನೊಳಗೆ ಹೋದಳು. ಭಕ್ತಿ, ಅಂಬವ್ವ, ಕಥೆಗಾರ ಹೊರಗೆ ಉಳಿದರು. ಈಗ ಮುಕ್ತಾಯ ಬರೆಯಬೇಕು.

ಮೊದಲನೆಯ ಮುಕ್ತಾಯ: ರಕ್ತ ಸಮಯಕ್ಕೆ ಮುಟ್ಟಿತು. ಮಾನಸಾ ಕಣ್ಣು ತೆರೆದು, ಯಾರು ಕೊಟ್ಟರೆಂದು ಕೇಳುತ್ತಾಳೆ. ಗುರುಬಸವ ಎಂದು ಭಕ್ತಿ ಹೇಳುತ್ತಾಳೆ.

ಎರಡನೆಯದು: ಮುಟ್ಟಲಿಲ್ಲ. ಕಾದು ಕುಳಿತಿದ್ದ ಆ ಹೊತ್ತು, "ಬರ್ತಾರ" ಎಂಬ ಒಂದು ಪದದ ಬೆಲೆಯ ಹೊತ್ತು, ಹೆಚ್ಚಾಯಿತು. ಕಾಕಾ ತಮ್ಮ ಕೋಷ್ಟಕದಲ್ಲಿ ಒಂದು ಹೆಸರು ಸೇರಿಸಬೇಕು. (ಇದನ್ನು ಬರೆಯುವಾಗ ಕಥೆಗಾರನ ಅಂಗಾಲೂ ತಣ್ಣಗಾಯಿತು.)

ಮೂರನೆಯದು: ನಿಶಾಂತ ಇನ್ನೊಂದು ಬ್ಲಡ್ ಬ್ಯಾಂಕಿನಿಂದ ಬಾಟಲಿಯೊಡನೆ ಅದೇ ಕ್ಷಣಕ್ಕೆ ಬರುತ್ತಾನೆ, ಮತ್ತು ಯಾವ ರಕ್ತ ಉಳಿಸಿತೆಂದು ಯಾರಿಗೂ ತಿಳಿಯುವುದಿಲ್ಲ.

ಕಥೆಗಾರ ಮೂರನ್ನೂ ಭಕ್ತಿಯ ಮುಂದೆ ಹರಡಿದ. ಒಂದನ್ನು ಆರಿಸಿಕೋ ಎಂದ. ಅವಳು ಓದಿದಳು, ಎರಡನೆಯದರ ಬಳಿ ಅವಳ ಕಣ್ಣು ನಿಂತು ಮುಂದೆ ಹೋಯಿತು.

"ಇವು ಯಾವಾಗ ಬರದ್ರಿ ಅಜ್ಜಾರ?"

ಮೊದಲೇ, ಎಂದು ಅವನು ಒಪ್ಪಿಕೊಂಡ. ಶೀತಲ ಬಸ್ಸು ಹತ್ತುವ ಮೊದಲೇ. ಮಾನಸಾಳನ್ನು ಮಲಗಿಸುವ ಮೊದಲೇ. ನಿಜ ಹೇಳಬೇಕೆಂದರೆ, ಭಜಿಯ ಹಬೆ ನಿಂತಿದ್ದಾಗಲೇ ಮೂರೂ ಸಿದ್ಧವಾಗಿದ್ದವು.

"ಹಂಗಂದ್ರ ನಾ ಕೇಳೂದಕ್ಕಿಂತ ಮೊದಲ ಇಟ್ಟಿದ್ದ ಉತ್ತರ," ಎಂದಳು ಭಕ್ತಿ. "ಇಂಥಾದ್ದ ಒಂದನ್ನ ನಂಬಿ ಇವತ್ತು ಬೆಂಚಿನ ಮ್ಯಾಲ ಕುಂತಿದ್ದೆ."

ಅವಳು ಹಾಳೆಗಳನ್ನು ಜೋಡಿಸಿ, ಅಂಚು ಸರಿಮಾಡಿ, ಅವನ ಕೈಗೆ ಹಿಂದಕ್ಕೆ ಕೊಟ್ಟಳು. ಸಿಟ್ಟಿರಲಿಲ್ಲ.

"ನೀವು ಇಲ್ಲೇ ಇರ್ರಿ. ಒಳಗ ಏನೈತಿ ಅಂತ ನಾ ಹೋಗಿ ನೋಡ್ತೀನಿ. ಎಷ್ಟೊತ್ತು ಹಿಡದ್ರೂ ಹಿಡೀಲಿ."

ನಾನೂ ಬರುತ್ತೇನೆ ಎಂದು ಕಥೆಗಾರ ಎದ್ದ. ಅವಳ ಹೆಗಲ ಹಿಂದೆ ನಿಲ್ಲುವುದು ಅವನಿಗೆ ರೂಢಿಯಾಗಿತ್ತು. ಅವಳು ತಲೆಯಾಡಿಸಿದಳು. ಅಂಬವ್ವನ ಮಡಿಲಲ್ಲಿದ್ದ ಒಡೆದ ಮೂಲೆಯ ಫೋನನ್ನು ಒಮ್ಮೆ ಮುಟ್ಟಿ ನಡೆದಳು. ವಾರ್ಡಿನ ಬಾಗಿಲಿಗೆ ಗಾಜಿನ ಕಿಂಡಿಯೊಂದನ್ನು ಇಡಬಹುದಿತ್ತು. ಬರೆಯುವಾಗ ಹೊಳೆಯಲಿಲ್ಲ, ಈಗ ಇಡಲು ಅವಳು ಬಿಡುವುದಿಲ್ಲ. ಅವಳು ಬಾಗಿಲು ನೂಕಿದಳು. ಒಳಗಿನ ಬಿಳಿಯ ಬೆಳಕು ಒಂದು ಗೆರೆಯಾಗಿ ನೆಲದ ಮೇಲೆ ಬಿದ್ದು, ಕಥೆಗಾರನ ಚಪ್ಪಲಿಯವರೆಗೆ ಬಂದು, ತೆಳ್ಳಗಾಗುತ್ತ ಹೋಯಿತು. ಅವಳ ಹಿಂದೆ ಬಾಗಿಲು ಮುಚ್ಚಿತು.